ಅಮೆರಿಕದ ಹೆಲ್ತ್ ಇನ್ಶೂರೆನ್ಸ್: ಮೊದಲು ನೋಡಬೇಕಾದ ಅಂಕಿ ಯಾವುದು?

ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಆಫೀಸಿನವರು ಮೂರು ನಾಲ್ಕು ಇನ್ಶೂರೆನ್ಸ್ ಪ್ಲಾನ್ ಮುಂದಿಟ್ಟು ಒಂದನ್ನು ಆರಿಸಿ ಅನ್ನುತ್ತಾರೆ. ಸಂಬಳದಲ್ಲಿ ಯಾವುದಕ್ಕೆ ಕಡಿಮೆ ಹಿಡಿಯುತ್ತಾರೋ ಅದಕ್ಕೆ ಟಿಕ್ ಹಾಕಿ ಮುಗಿಸುವವರೇ ಜಾಸ್ತಿ. ಆಮೇಲೆ ಮೊದಲ ಬಿಲ್ ಬಂದಾಗ ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳುತ್ತಾರೆ: ‘ಸರ್, ಇನ್ಶೂರೆನ್ಸ್ ಇದ್ದರೂ 600 ಡಾಲರ್ ಕಟ್ಟು ಅಂತಾರಲ್ಲ, ಇದೇನು ಮೋಸಾನಾ?’

ಮೋಸ ಅಲ್ಲ. ಊರಿನ ಲೆಕ್ಕ ಇಲ್ಲಿ ತಲೆಕೆಳಗು, ಅಷ್ಟೇ. ಬೆಂಗಳೂರಲ್ಲಿ 5 ಲಕ್ಷದ ಪಾಲಿಸಿ ಅಂದರೆ ಆಸ್ಪತ್ರೆ ಖರ್ಚು ಅಷ್ಟರವರೆಗೆ ಕಂಪನಿಯದು, ಅದರ ಮೇಲಿನದ್ದು ನಮ್ಮದು. ಇಲ್ಲಿ ಮೊದಲ ಪಾಲು ನಮ್ಮದು. ಆ ಪಾಲಿಗೆ ಒಂದು ಮಿತಿ ಇದೆ, ಅದನ್ನು ದಾಟಿದ ಮೇಲೆ ಉಳಿದದ್ದು ಕಂಪನಿಯದು. ಒಬಾಮಾಕೇರ್ ಅಂತ ಕರೆಯುವ 2010ರ ಕಾನೂನು ಬಂದ ಮೇಲೆ, ಅಗತ್ಯ ಚಿಕಿತ್ಸೆಗೆ ವರ್ಷಕ್ಕೆ ಇಷ್ಟೇ ಕೊಡುತ್ತೇವೆ ಅನ್ನುವ ಹಾಗೆ ಇಲ್ಲಿನ ಕಂಪನಿಗಳಿಗೆ ಇಲ್ಲ.

ಹೀಗಾಗಿ ಪ್ಲಾನ್ ನೋಡುವಾಗ ನಾನು ಮೊದಲು ಹುಡುಕುವುದು ‘ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್’ ಅನ್ನುವ ಅಂಕಿ. ವರ್ಷದಲ್ಲಿ ನಿಮ್ಮ ಜೇಬಿನಿಂದ ಹೋಗಬಹುದಾದ ಗರಿಷ್ಠ ಹಣ ಅದು. 2025ಕ್ಕೆ ಕಾನೂನು ಇಟ್ಟ ಮೇಲ್ಮಿತಿ ಒಬ್ಬರಿಗೆ 9,200 ಡಾಲರ್, ಕುಟುಂಬಕ್ಕೆ 18,400 ಇತ್ತು. ಇದು ವರ್ಷ ವರ್ಷ ಬದಲಾಗುತ್ತದೆ. ನಿಮ್ಮ ಪ್ಲಾನಿನದು ಇದಕ್ಕಿಂತ ಕಡಿಮೆಯೇ ಇರಬಹುದು. ಪ್ರತಿ ತಿಂಗಳ ಪ್ರೀಮಿಯಂ ಇದರಲ್ಲಿ ಸೇರುವುದಿಲ್ಲ. ನೆಟ್‌ವರ್ಕ್, ಅಂದರೆ ಕಂಪನಿಯ ಜೊತೆ ದರದ ಒಪ್ಪಂದ ಇರುವ ಡಾಕ್ಟರು, ಆಸ್ಪತ್ರೆಗಳ ಪಟ್ಟಿ. ಅದರ ಆಚೆಯ ಡಾಕ್ಟರಿಗೆ ಕೊಟ್ಟದ್ದೂ ಸಾಮಾನ್ಯವಾಗಿ ಸೇರುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಡಿಡಕ್ಟಿಬಲ್ (ಕಂಪನಿ ಕೊಡಲು ಶುರು ಮಾಡುವ ಮೊದಲು ನೀವು ಕೊಡಬೇಕಾದ ಮೊತ್ತ) 2,000, ಕೋಇನ್ಶೂರೆನ್ಸ್ (ಆಮೇಲಿನ ಖರ್ಚಿನಲ್ಲಿ ನಿಮ್ಮ ಪಾಲು) ಶೇಕಡಾ 20, ಮ್ಯಾಕ್ಸಿಮಮ್ 5,000 ಅಂತ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು, ದರ 12,000. ಮೊದಲ 2,000 ಪೂರ್ತಿ ನಿಮ್ಮದು. ಉಳಿದ 10,000ದಲ್ಲಿ ಶೇಕಡಾ 20, ಅಂದರೆ ಇನ್ನೊಂದು 2,000. ಒಟ್ಟು 4,000 ಕೊಟ್ಟಿರಿ. ಆಗಸ್ಟ್‌ನಲ್ಲಿ ಕಾಲು ಮುರಿದು 8,000 ಆಯಿತು. ಶೇಕಡಾ 20 ಲೆಕ್ಕದಲ್ಲಿ 1,600 ಕೊಡಬೇಕಿತ್ತು, ಆದರೆ 5,000 ಮುಟ್ಟಲು ಬಾಕಿ ಇರುವುದು 1,000 ಮಾತ್ರ. ಅಷ್ಟು ಕೊಟ್ಟರೆ ಮುಗಿಯಿತು. ಡಿಸೆಂಬರ್ ಕೊನೆಯವರೆಗೆ ನೆಟ್‌ವರ್ಕ್ ಒಳಗಿನ ಚಿಕಿತ್ಸೆಗೆ ನೀವು ಏನೂ ಕೊಡಬೇಕಿಲ್ಲ. ಹೆಚ್ಚಿನ ಪ್ಲಾನ್‌ಗಳಲ್ಲಿ ಜನವರಿ 1ಕ್ಕೆ ಎಲ್ಲ ಮತ್ತೆ ಸೊನ್ನೆಯಿಂದ ಶುರು. ಮುಂದೂಡುತ್ತಾ ಬಂದ ಮಂಡಿಯ ಎಂಆರ್‌ಐ ಮಾಡಿಸಿಕೊಳ್ಳಲು ಅಂಥ ವರ್ಷದ ನವೆಂಬರ್‌ಗಿಂತ ಒಳ್ಳೆ ಸಮಯ ಇಲ್ಲ!

ಕೋಪೇ, ಅಂದರೆ ಭೇಟಿಗೆ ಇಷ್ಟು ಅಂತ ನಿಗದಿಯಾದ ಮೊತ್ತ, ಸುಲಭ. ಡಾಕ್ಟರ್ ಭೇಟಿಗೆ 30 ಡಾಲರ್ ಅಂದರೆ 30 ಡಾಲರ್. ವರ್ಷಕ್ಕೊಮ್ಮೆಯ ಚೆಕಪ್, ಲಸಿಕೆಗಳು ನೆಟ್‌ವರ್ಕ್ ಒಳಗೆ ಪುಕ್ಕಟೆ. ಆದರೆ ಚೆಕಪ್‌ಗೆ ಹೋದಾಗ ‘ಹಾಗೇ ಈ ಬೆನ್ನುನೋವೂ ನೋಡಿಬಿಡಿ’ ಅಂದರೆ ಅದಕ್ಕೆ ಬೇರೆ ಬಿಲ್ ಬರಬಹುದು. ನೋವಿದ್ದರೆ ಹೇಳಿ, ಬಿಲ್ಲಿಗೆ ಹೆದರಿ ಮುಚ್ಚಿಡಬೇಡಿ. ಬಂದಾಗ ಬೆಚ್ಚಿಬೀಳದಿದ್ದರೆ ಸಾಕು.

ಪ್ಲಾನ್ ಆರಿಸುವಾಗ ಎರಡು ವರ್ಷ ಕಲ್ಪಿಸಿಕೊಳ್ಳಿ, ಒಂದು ತೀರಾ ಒಳ್ಳೆಯದು, ಇನ್ನೊಂದು ತೀರಾ ಕೆಟ್ಟದ್ದು. ಒಂದು ಪ್ಲಾನಿಗೆ ತಿಂಗಳಿಗೆ 100 ಡಾಲರ್, ಮ್ಯಾಕ್ಸಿಮಮ್ 8,000. ಇನ್ನೊಂದಕ್ಕೆ 300, ಮ್ಯಾಕ್ಸಿಮಮ್ 5,000. ಆಸ್ಪತ್ರೆ ಮೆಟ್ಟಿಲೇ ಹತ್ತದ ವರ್ಷದಲ್ಲಿ ಮೊದಲನೆಯದಕ್ಕೆ 1,200, ಎರಡನೆಯದಕ್ಕೆ 3,600. ಕೆಟ್ಟ ವರ್ಷದಲ್ಲಿ ಪ್ರೀಮಿಯಂ ಸೇರಿ 9,200 ಮತ್ತು 8,600. ಅಂದರೆ ‘ದುಬಾರಿ ಪ್ಲಾನ್ ಸೇಫ್’ ಅನ್ನುವ ಮಾತಿನ ಬೆಲೆ ಇಲ್ಲಿ ಬರೀ 600 ಡಾಲರ್. ಮೊದಲನೆಯದರ ಜೊತೆ ಎಚ್‌ಎಸ್‌ಎ (ಚಿಕಿತ್ಸೆಯ ಖರ್ಚಿಗೆಂದೇ ಹಣ ಕೂಡಿಡುವ) ಖಾತೆ ಇದ್ದು, ಕಂಪನಿಯೇ ಅದಕ್ಕೆ 1,000 ಹಾಕಿದರೆ ಕೆಟ್ಟ ವರ್ಷದಲ್ಲೂ ಅದೇ ಗೆಲ್ಲುತ್ತದೆ. ಎಚ್‌ಎಸ್‌ಎ ಹಣ ವರ್ಷ ಕಳೆದರೂ ನಿಮ್ಮದೇ, ಕೆಲಸ ಬಿಟ್ಟರೂ ನಿಮ್ಮದೇ. 2025ರಲ್ಲಿ ಒಬ್ಬರಿಗೆ 4,300, ಕುಟುಂಬಕ್ಕೆ 8,550 ಡಾಲರ್‌ವರೆಗೆ ಫೆಡರಲ್ ತೆರಿಗೆ ಇಲ್ಲದೆ ಹಾಕಬಹುದಿತ್ತು. ಆಫೀಸಿನ ಮೂಲಕ ಸಿಗುವ ಇಂಥದ್ದೇ ಇನ್ನೊಂದು ಖಾತೆ ಎಫ್‌ಎಸ್‌ಎ ಹಾಗಲ್ಲ, ಅದರಲ್ಲಿ ಖರ್ಚಾಗದೆ ಉಳಿದದ್ದು ಬಹುಪಾಲು ಹೋದ ಹಾಗೇ.

ಇಷ್ಟೆಲ್ಲ ಹೇಳಿಯೂ, ಮೊನ್ನೆ ಮೊನ್ನೆ ವಿಮಾನ ಇಳಿದವರಿಗೆ ನಾನು ಹೇಳುವುದು ಬೇರೆ. ಬ್ಯಾಂಕಿನಲ್ಲಿ 8,000 ಡಾಲರ್ ಇಲ್ಲ, ಜೊತೆಗೆ ಪುಟ್ಟ ಮಗು ಇದೆ ಅಂದರೆ ಮೊದಲ ವರ್ಷ ಡಿಡಕ್ಟಿಬಲ್ ಕಡಿಮೆ ಇರುವುದನ್ನೇ ತಗೊಳ್ಳಿ. ಕಾಗದದ ಮೇಲೆ ನಷ್ಟ ಅನ್ನಿಸಿದರೂ ಪರವಾಗಿಲ್ಲ.

ಬಸುರಿ ಇದ್ದರೆ ಲೆಕ್ಕ ಇನ್ನೂ ಸ್ವಲ್ಪ ಜಟಿಲ. ಹೆರಿಗೆ ಜನವರಿ ಫೆಬ್ರವರಿಗೆ ಬಂದರೆ ಸ್ಕ್ಯಾನ್, ರಕ್ತ ಪರೀಕ್ಷೆ ಒಂದು ವರ್ಷದ ಡಿಡಕ್ಟಿಬಲ್‌ಗೆ, ಆಸ್ಪತ್ರೆ ಬಿಲ್ ಇನ್ನೊಂದು ವರ್ಷದ್ದಕ್ಕೆ ಹೋಗುತ್ತದೆ. ಅಂಥವರು ವರ್ಷದ ಕೊನೆಯಲ್ಲಿ ಪ್ಲಾನ್ ಬದಲಾಯಿಸುವ ಅವಕಾಶ ಬಂದಾಗ ಸುಮ್ನೆ ಬಿಡಬಾರದು. ಹುಟ್ಟಿದ ಮಗುವಿಗೆ ಅದರದ್ದೇ ಬಿಲ್ ಬರುತ್ತದೆ, ಅದರದ್ದೇ ಡಿಡಕ್ಟಿಬಲ್ಲೂ ಇರಬಹುದು. ಆಫೀಸಿನ ಪ್ಲಾನಿಗೆ ಮಗುವನ್ನು ಸೇರಿಸಲು ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಬರಲಿ ಅಂತ ಕಾಯುತ್ತಾ ಕೂರಬೇಡಿ, ಎಚ್‌ಆರ್‌ಗೆ ಮೊದಲೇ ತಿಳಿಸಿ. ಬಾಣಂತನಕ್ಕೆ ಅಮ್ಮ ಬರುವ ಗಡಿಬಿಡಿಯಲ್ಲಿ ಇದು ಮರೆತುಹೋಗುವುದೇ ಹೆಚ್ಚು.

ಬಿಲ್ ಬಂದ ಕೂಡಲೇ ಕಟ್ಟಬೇಡಿ. ಇನ್ಶೂರೆನ್ಸ್ ಕಂಪನಿಯಿಂದ ‘ಇಒಬಿ’ ಅನ್ನುವ ಕಾಗದ ಬರುತ್ತದೆ. ಅದು ಬಿಲ್ ಅಲ್ಲ. ಆಸ್ಪತ್ರೆ ಎಷ್ಟು ಕೇಳಿತು, ಒಪ್ಪಂದದ ದರ ಎಷ್ಟು, ನಿಮ್ಮ ಪಾಲೆಷ್ಟು ಅಂತ ಅದರಲ್ಲಿರುತ್ತದೆ. ಆಸ್ಪತ್ರೆ 1,400 ಕೇಳಿದ್ದಕ್ಕೆ ಒಪ್ಪಂದದ ದರ 600 ಇದ್ದರೆ ಆಶ್ಚರ್ಯ ಬೇಡ. ಎರಡೂ ಕಾಗದ ಪಕ್ಕ ಪಕ್ಕ ಇಟ್ಟು, ನಿಮ್ಮ ಪಾಲು ತಾಳೆಯಾದ ಮೇಲೆ ಕಟ್ಟಿ. ತಾಳೆಯಾಗದಿದ್ದರೆ ಫೋನ್ ಮಾಡಿ, ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ‘ಐಟಮೈಸ್ಡ್ ಬಿಲ್’ ಕೇಳಿ. ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು ಕೇಳುವುದರಲ್ಲೂ ನಾಚಿಕೆ ಇಲ್ಲ, ಇಲ್ಲಿ ಎಲ್ಲರೂ ಕೇಳುತ್ತಾರೆ.

ಕ್ಲಿನಿಕ್‌ಗೆ ಫೋನ್ ಮಾಡುವಾಗ ‘ನನ್ನ ಇನ್ಶೂರೆನ್ಸ್ ತಗೊಳ್ತೀರಾ?’ ಅಂತ ಕೇಳಬೇಡಿ. ಹೂಂ ಅನ್ನುತ್ತಾರೆ, ನೆಟ್‌ವರ್ಕ್ ಆಚೆ ಇದ್ದರೂ. ಕಾರ್ಡಿನ ಮೇಲಿರುವ ಪ್ಲಾನ್ ಹೆಸರು ಓದಿ ‘ಈ ಪ್ಲಾನಿಗೆ ನೀವು ಇನ್‌-ನೆಟ್‌ವರ್ಕಾ?’ ಅಂತ ಕೇಳಿ. ಎಮರ್ಜೆನ್ಸಿಯಲ್ಲಿ ಈ ಚಿಂತೆ ಕಡಿಮೆ. 2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ಪ್ರಕಾರ ಎಮರ್ಜೆನ್ಸಿ ಚಿಕಿತ್ಸೆಗೆ ನೆಟ್‌ವರ್ಕ್ ಆಚೆಯ ಹೆಚ್ಚಿನ ದರವನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ರಸ್ತೆಯ ಆಂಬುಲೆನ್ಸ್ ಮಾತ್ರ ಈ ಕಾನೂನಿನೊಳಗೆ ಬರುವುದಿಲ್ಲ.

ಅಪ್ಪ ಅಮ್ಮ ಬರುವಾಗ ಕೊಳ್ಳುವ ವಿಸಿಟರ್ ಇನ್ಶೂರೆನ್ಸ್ ಮತ್ತೆ ಊರಿನ ಲೆಕ್ಕಕ್ಕೇ ವಾಪಸ್. ಅಲ್ಲಿ ಮಿತಿ ಕಂಪನಿಗೆ, ನಿಮಗಲ್ಲ. 50,000 ಡಾಲರ್ ಪಾಲಿಸಿ ಅಂದರೆ ಅದರಾಚೆಗಿನದ್ದು ನಿಮ್ಮದು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗೆ ಏನೇನು ಕೊಡುತ್ತಾರೆ ಅನ್ನುವ ಪುಟವನ್ನು ಟಿಕೆಟ್ ಬುಕ್ ಮಾಡುವ ಮೊದಲೇ ಓದಿ, ಮತ್ತೆ ದಿನದ ಮಾತ್ರೆಗಳನ್ನು ಡಾಕ್ಟರ್ ಚೀಟಿಯ ಸಮೇತ ತರಲು ಹೇಳಿ.