ಬಲಕ್ಕೆ ತಿರುಗಿಸಿದರೆ ಗರಗರ, ಕಾಯಿಲೆ ಎಡಗಡೆ

ನನ್ನ ಗ್ಯಾರೇಜಿನ ಪಕ್ಕದ ಶೆಡ್ಡಿನ ಹಿರಿಯ ಮೆಕ್ಯಾನಿಕ್ ಉಸ್ತಾದ್ ಮೊನ್ನೆ ಟೀ ಕುಡಿಯುವಾಗ, ಒಂದು ಕಾರಿನ ಸದ್ದಿನ ವಿಷಯಕ್ಕೆ, "ನೀನು ಹೇಳಿದ್ದೇ ಸರಿಯಾಯ್ತು ಕಣೋ" ಅಂದ್ರು. ಆ ಮಾತಿಗೆ ಎರಡು ತಿಂಗಳಿಂದ ಕಾಯ್ತಿದ್ದೆ, ಅದಕ್ಕೇ ಇದನ್ನ ಬರೀತಿದ್ದೀನಿ.

ಗಾಡಿ ತುಮಕೂರು ಹತ್ರದ ಗುಬ್ಬಿ ಕಡೆಯ ಮೇಷ್ಟ್ರದ್ದು. 2013ರ ಡೀಸೆಲ್ ಹ್ಯಾಚ್‌ಬ್ಯಾಕ್, ಓಡಿರೋದು 1 ಲಕ್ಷದ 30 ಸಾವಿರದ ಆಸುಪಾಸು. ನೇರ ಹೋದ್ರೆ ಸದ್ದೇ ಇಲ್ಲ. ಬಲಕ್ಕೆ ತಿರುವು ತಗೊಂಡ್ರೆ ರಾಗಿಕಲ್ಲು ಬೀಸಿದ ಹಾಗೆ ಗರಗರ. ದೇವರಾಯನದುರ್ಗ ಹತ್ತುವಾಗ ಮನೆಯವರು ಹೆದರಿ ಅರ್ಧದಲ್ಲೇ ಇಳಿದುಬಿಟ್ಟಿದ್ರಂತೆ. ನನ್ನ ಹತ್ರ ಬರೋ ಮುಂಚೆ ಎರಡು ಗ್ಯಾರೇಜ್ ಸುತ್ತಿತ್ತು. ಒಂದು ಕಡೆ ಬ್ರೇಕ್ ಪ್ಯಾಡು, ಇನ್ನೊಂದು ಕಡೆ ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್) ಮೌಂಟು ಬದಲಾಯಿಸಿದ್ರು. ಐದು ಸಾವಿರ ಕೈಬಿಟ್ಟಿತ್ತು, ಸದ್ದು ಮಾತ್ರ ಬಿಟ್ಟಿರಲಿಲ್ಲ.

ನಾನೂ ಮೊದಲು ಎಡವಿದೋನೇ. ಬಲಗಡೆ ಬ್ರೇಕ್ ಡಿಸ್ಕಿನ ಹಿಂದಿನ ತಗಡಿನಲ್ಲಿ ಕಡಲೆಕಾಳಿನಷ್ಟು ಜಲ್ಲಿ ಸಿಕ್ಕಿಕೊಂಡಿತ್ತು. ತೆಗೆದೆ, ತಗಡನ್ನ ಸ್ಕ್ರೂಡ್ರೈವರಲ್ಲಿ ಮೀಟಿ ದೂರ ಮಾಡಿದೆ, "ಮುಗೀತು ಮೇಷ್ಟ್ರೇ" ಅಂತ ನೂರು ರೂಪಾಯಿ ಇಸ್ಕೊಂಡೆ. ತಟ್ಟೆ ಇಡ್ಲಿ ತಿನ್ನೋಕೆ ಕ್ಯಾತ್ಸಂದ್ರಕ್ಕೆ ಹೋದೋರು ಸದ್ದು ಹಾಗೇ ಇದೆ ಅಂತ ಅಲ್ಲಿಂದ್ಲೇ ಫೋನ್ ಮಾಡಿದ್ರು.

ಆಗ ಉಸ್ತಾದ್ ಬಂದು ಒಂದು ಸುತ್ತು ಓಡಿಸಿ, "ಬಲಗಡೆ ಆಕ್ಸಲ್ ಹೋಗಿದೆ, ಕಣ್ಮುಚ್ಚಿ ಹಾಕು" ಅಂದ್ರು. ಆಕ್ಸಲ್ ಅಂದ್ರೆ ಚಕ್ರವನ್ನ ತಿರುಗಿಸೋ ದಂಡ. ಹಿರಿಯರ ಮಾತು. ನಾನು ನಿಜವಾಗ್ಲೂ ಕಣ್ಮುಚ್ಚೇ ಹಾಕಿದೆ. ನಾಲ್ಕು ಸಾವಿರದ ಚಿಲ್ಲರೆ. ಗರಗರ ಅಲ್ಲಾಡಲಿಲ್ಲ. ಮೇಷ್ಟ್ರ ಮುಖ ನೋಡಿ ಆ ದುಡ್ಡು ಕೇಳೋಕೆ ಬಾಯೇ ಬರಲಿಲ್ಲ, ನನ್ನ ತಲೆ ಮೇಲೇ ಬಿತ್ತು.

ಆ ರಾತ್ರಿ ಮಲಗಿದಾಗ ಹೊಳೀತು. ಆಕ್ಸಲ್ಲಿನ ಜಾಯಿಂಟ್ ಹೋಗಿದ್ರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅನ್ನಬೇಕು. ಇದು 40ರ ಸ್ಪೀಡಲ್ಲಿ, ಸ್ಟೀರಿಂಗ್ ಸ್ವಲ್ಪವೇ ತಿರುಗಿಸಿದಾಗ ಬರೋ ಗರಗರ. ಬಲಕ್ಕೆ ತಿರುಗಿಸಿದ್ರೆ ಭಾರ ಬೀಳೋದು ಎಡಗಡೆ ಚಕ್ರದ ಮೇಲೆ. ಬೆಳಗ್ಗೆ ಹೋಗಿ "ಎಡಗಡೆ ಚಕ್ರದ ಬೇರಿಂಗ್" ಅಂದೆ. "ಸದ್ದು ಬಲಗಡೆ, ನೀನು ಬಿಚ್ಚೋದು ಎಡಗಡೆ!" ಅಂತ ಉಸ್ತಾದ್ ಹುಡುಗರ ಮುಂದೆ ನಕ್ಕರು. ಎಡಗಡೆ ಚಕ್ರಕ್ಕೆ ಜಾಕ್ ಕೊಟ್ಟು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಸಡಿಲ ಇಲ್ಲ. ಕೈಯಲ್ಲಿ ತಿರುಗಿಸಿದೆ, ಸದ್ದೂ ಇಲ್ಲ. ಕಾಯಿಲ್ ಸ್ಪ್ರಿಂಗ್ ಮೇಲೆ ಬೆರಳಿಟ್ಟು ತಿರುಗಿಸಿದಾಗ ಮಾತ್ರ, ಓಡ್ತಿರೋ ಮಿಕ್ಸಿ ಮುಟ್ಟಿದ ಹಾಗೆ ಸಣ್ಣ ನಡುಕ. ಬಲಗಡೆ ಸ್ಪ್ರಿಂಗಲ್ಲಿ ನಡುಕ ಇರಲಿಲ್ಲ.

ನಂಬೋರಿಲ್ಲ ಅಂತ ಇನ್ನೊಂದು ಹುಚ್ಚಾಟ ಮಾಡಿದೆ. ಹಳೇ ಫೋನಲ್ಲಿ ರೆಕಾರ್ಡಿಂಗ್ ಹಾಕಿ, ಬಟ್ಟೆ ಸುತ್ತಿ, ಎಡಗಡೆ ಸ್ಟ್ರಟ್‌ಗೆ ಟೇಪಲ್ಲಿ ಬಿಗಿದು ಅಂತರಸನಹಳ್ಳಿ ಕಡೆ ಖಾಲಿ ರಸ್ತೇಲಿ ಹಾವಿನ ಹಾಗೆ ಓಡಿಸಿದೆ. ಆಮೇಲೆ ಬಲಗಡೆ ಕಟ್ಟಿ ಅದೇ ರಸ್ತೆ, ಅದೇ ಸ್ಪೀಡು. ಎಡಗಡೇದು ಕೇಳಿದ್ರೆ ಹಿಟ್ಟಿನ ಗಿರಣಿಯೇ. ಮೂರನೇ ಸುತ್ತಿಗೆ ಫೋನ್ ಕಿತ್ತು ಬಿದ್ದು ಸ್ಕ್ರೀನ್ ಹೋಯ್ತು, ಆದ್ರೆ ರೆಕಾರ್ಡಿಂಗ್ ಉಳೀತು. ಆ ಫೋನು ಇವತ್ತಿಗೂ ಇದೇ ಕೆಲಸಕ್ಕೆ ಇಟ್ಕೊಂಡಿದ್ದೀನಿ.

ಬೇರಿಂಗ್ ತಂದೆ, ಸಾವಿರದ ನೂರೋ ಏನೋ. ಪ್ರೆಸ್ ಯಂತ್ರದಲ್ಲಿ ಒತ್ತಿಸೋಕೆ ಲೇತ್ ಅಂಗಡಿಯೋರು ಮುನ್ನೂರು ಕೇಳಿದ್ರು, ಜಿಪುಣತನ ಮಾಡಿ ಚಕ್ರ ಕೂರೋ ಹಬ್ ಅನ್ನ ಸುತ್ತಿಗೇಲೇ ಹೊಡೆದು ಕೂರಿಸಿದೆ. ಏಟೆಲ್ಲ ಬೇರಿಂಗೊಳಗಿನ ಗುಂಡುಗಳ ಮೇಲೇ ಬಿದ್ದಿದೆ. ಸದ್ದು ಹೋಗಿ, ಎಂಟುನೂರು ಕಿಲೋಮೀಟರಿಗೆ ವಾಪಸ್ ಬಂತು. ಮುನ್ನೂರು ಉಳಿಸೋಕೆ ಹೋಗಿ ಎರಡನೇ ಬೇರಿಂಗು, ಸಾವಿರದ ಆರುನೂರು. ಅದನ್ನ ಲೇತಲ್ಲಿ ಹಾಕಿಸಿದೆ, ಅಲ್ಲಿನ ಹುಡುಗ ತಿರುಗುಮುರುಗಾಗಿ ಒತ್ತಿಬಿಟ್ಟ. ಬ್ರೇಕಿನ ಎಬಿಎಸ್ ಎಚ್ಚರಿಕೆ ಲೈಟ್ ಹತ್ತಿಕೊಂಡು ಕೂತ್ಕೊಂತು. ಆ ಬೇರಿಂಗಿನ ಒಂದು ಬದಿಯ ಸೀಲಲ್ಲಿ ಅಯಸ್ಕಾಂತ ಇರುತ್ತೆ, ಅದು ಒಳಗಡೆ, ಚಕ್ರದ ವೇಗ ಅಳೆಯೋ ಸೆನ್ಸರ್ ಕಡೆಗೇ ಇರಬೇಕು. ಈಗ ಹಾಕೋ ಮುಂಚೆ ಚಿಟಿಕೆ ಕಬ್ಬಿಣದ ಪುಡಿ ಸೋಕಿಸಿ, ಯಾವ ಬದಿಗೆ ಅಂಟುತ್ತೆ ಅಂತ ನೋಡಿ, ಒರೆಸಿಬಿಡ್ತೀನಿ.

ಮೂರನೇದು ಹಾಕೋ ಹಿಂದಿನ ರಾತ್ರಿ ಬೇರಿಂಗನ್ನ ಕವರಲ್ಲಿ ಸುತ್ತಿ ಮನೆ ಫ್ರೀಜರಲ್ಲಿಟ್ಟೆ. ಬೆಳಗ್ಗೆ ಹೆಂಡತಿ "ಮಕ್ಕಳ ಐಸ್‌ಕ್ರೀಮ್ ಪಕ್ಕ ಏನ್ರೀ ಇದು" ಅಂತ ಶುರು ಮಾಡಿದ್ಲು. ತಣ್ಣಗಿದ್ದದ್ದು ಸ್ವಲ್ಪ ಸಲೀಸಾಗಿ ಇಳೀತು ಅಂತ ನನ್ನ ಅನಿಸಿಕೆ. ಲೇತ್‌ನೋರು ಒಪ್ಪಲ್ಲ. ಹಬ್‌ಗೆ ಕಚ್ಚಿಕೊಂಡಿದ್ದ ಹಳೇ ಬೇರಿಂಗಿನ ಒಳಬಳೆಯನ್ನ ಗ್ರೈಂಡರ್ ಮುಟ್ಟಿಸದೆ ಹತ್ತು ನಿಮಿಷದಲ್ಲಿ ಬಿಡಿಸಿದ್ದು ಹೇಗೆ ಅಂತ ಉಸ್ತಾದೂ ಕೇಳಿದ್ರು. ಅದೊಂದು ನನ್ನ ಹೊಟ್ಟೇಲೇ ಇರ್ಲಿ. ಆಕ್ಸಲ್ ನಟ್ ಮಾತ್ರ ಹೊಸದೇ ಹಾಕಿ, ಎಂಬತ್ತು ರೂಪಾಯಿಗೆ ಆಸೆ ಪಡಬೇಡಿ.

ಗಾಡೀಲಿ ಮೊದಲಿಂದ ಇದ್ದ ಬೇರಿಂಗ್ ಒಡೆದು ನೋಡಿದ್ರೆ ಗ್ರೀಸು ಕಾಫಿ ಬಣ್ಣಕ್ಕೆ ತಿರುಗಿ, ಬಳೆ ತುಂಬ ತುಕ್ಕಿನ ಚುಕ್ಕಿ. ಕೇಳಿದ್ಮೇಲೆ ಮೇಷ್ಟ್ರು ಬಾಯಿಬಿಟ್ರು: ಹೋದ ಮಳೆಗಾಲ ಕೆರೆ ಕೋಡಿ ಬಿದ್ದಾಗ ಮೊಣಕಾಲುದ್ದ ನೀರಲ್ಲೇ ಗಾಡಿ ದಾಟಿಸಿದ್ರಂತೆ.

ಈಗ ಆರು ಸಾವಿರ ಕಿಲೋಮೀಟರ್ ಆಗಿರಬಹುದು, ದೇವರಾಯನದುರ್ಗಕ್ಕೆ ಎರಡು ಸಲ ಹೋಗಿ ಬಂದಿದ್ದಾರೆ. ಸದ್ದಿಲ್ಲ. ಅವರಿಂದ ಒಟ್ಟು ಮೂರು ಸಾವಿರ ತಗೊಂಡೆ, ನನಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಖರ್ಚಾಗಿದೆ. ಬಿಚ್ಚಿದ ಬಲಗಡೆ ಆಕ್ಸಲ್ ಏನೂ ಆಗಿಲ್ಲ, ಜಾಯಿಂಟ್ ಮೇಲಿನ ರಬ್ಬರ್ ಬೂಟ್ ಕೂಡ ಹರಿದಿಲ್ಲ, ಶೆಡ್ಡಿನ ಮೂಲೇಲಿ ನೇತಾಡ್ತಿದೆ. ಬೇಕಿದ್ದೋರು ಬನ್ನಿ, ಒಂದೂವರೆ ಸಾವಿರಕ್ಕೆ ಕೊಡ್ತೀನಿ.