ತೀರದಲ್ಲಿ ಪರಿಸರ ದಿನ ಮಾಡುವವರು ಮೊದಲು ಇಳಿತದ ಹೊತ್ತು ನೋಡಿ

ಜೂನ್ 5ರ ಪರಿಸರ ದಿನಕ್ಕೋ 8ರ ಸಾಗರ ದಿನಕ್ಕೋ ಕುಟುಂಬಗಳನ್ನು ಕಡಲ ತೀರಕ್ಕೆ ಕರೆಯುವವರು ಮೊದಲು ಉಬ್ಬರವಿಳಿತದ ವೇಳಾಪಟ್ಟಿ ನೋಡಿ. ಭಾಷಣ, ಬ್ಯಾನರ್‌ಗಳ ಚಿಂತೆ ಆಮೇಲೆ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಆದ್ದರಿಂದ ಹಿಂದಿನ ವಾರದ ಅಂದಾಜು ನಂಬಬೇಡಿ. ಕಡಲು ಒರಟಾಗಿದ್ದರೆ ದಿನವನ್ನೇ ಮುಂದೂಡಿ.

ನೀರು ಪೂರ್ತಿ ಇಳಿಯುವ ಮೊದಲೇ ಸೇರಿದರೆ ಬಂಡೆಗಳ ನಡುವಿನ ಗುಂಡಿಗಳನ್ನು ಮಕ್ಕಳಿಗೆ ನಿಧಾನವಾಗಿ ತೋರಿಸಬಹುದು. ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಇಡಲು ಹೇಳಿಕೊಡಿ. ಮಗುಚಿಟ್ಟರೆ ಅಡಿಯಲ್ಲಿ ಅಂಟಿಕೊಂಡ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಖಾಲಿ ಚಿಪ್ಪನ್ನೂ ಅಲ್ಲೇ ಬಿಡಿ, ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಗೆ ಅದು ಬೇಕು.

ಕಸ ಹೆಕ್ಕಲು ಎಲ್ಲರಿಗೂ ಕೈಗವಸು ಇರಲಿ. ಗಾಜು, ಸೂಜಿಗಳನ್ನು ದೊಡ್ಡವರೇ ತೆಗೆಯಬೇಕು. ಚಿಕ್ಕವರ ಕೈಗೆ ಹಳೆಯ ಜರಡಿ ಕೊಟ್ಟು ನೋಡಿ: ಉಬ್ಬರದ ಗೆರೆಯ ಒಣ ಮರಳನ್ನು ಜಾಲಿಸಿದರೆ ಬೇಳೆಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಗುಳಿಗೆಗಳು, ಸಿಗರೇಟಿನ ತುದಿಗಳು ಮೇಲೆ ಉಳಿಯುತ್ತವೆ. ಆ ಫಿಲ್ಟರ್ ಕೂಡ ಪ್ಲಾಸ್ಟಿಕ್ಕೇ ಎಂಬುದು ಎಷ್ಟೋ ಪೋಷಕರಿಗೇ ತಿಳಿದಿರುವುದಿಲ್ಲ. ಒಣಗಿದ ಕಡಲಪಾಚಿಯನ್ನು ಮಾತ್ರ ಕಸದ ಚೀಲಕ್ಕೆ ತುಂಬಬೇಡಿ. ಅದರಡಿಯ ಪುಟ್ಟ ಜೀವಿಗಳೇ ತೀರದ ಹಕ್ಕಿಗಳ ಆಹಾರ.