ಕೊಡಗಿನ ಮಳೆಯಲ್ಲಿ ಆರು ಲಕ್ಷ ಕಿಲೋಮೀಟರ್ ಓಡಿದ ಕ್ವಾಲಿಸ್

ವಿರಾಜಪೇಟೆ ಸಮೀಪದ ನಮ್ಮ ತೋಟದ ಮನೆಗೆ 2003ರಲ್ಲಿ ಬಂದ ಟೊಯೋಟಾ ಕ್ವಾಲಿಸ್ ಈಗ ಆರು ಲಕ್ಷ ಕಿಲೋಮೀಟರ್ ದಾಟಿದ್ದು, ಇಂದಿಗೂ ನಮ್ಮ ನಿತ್ಯದ ಗಾಡಿಯಾಗಿಯೇ ಉಳಿದಿದೆ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಮಾದರಿ 2005ರಲ್ಲೇ ಇನ್ನೋವಾಗೆ ಜಾಗ ಬಿಟ್ಟುಕೊಟ್ಟಿತು. ಓಡೋಮೀಟರ್ ನೋಡಿದವರೆಲ್ಲ ಮೊದಲು ಕೇಳುವುದು, ಇಂಜಿನ್ ಎಷ್ಟು ಸಲ ಬಿಚ್ಚಿಸಿದ್ದೀರಿ ಎಂದು. ಒಮ್ಮೆಯೂ ಬಿಚ್ಚಿಸಿಲ್ಲ. ಟರ್ಬೊ ಇಲ್ಲದ, 2446 ಸಿ.ಸಿ.ಯ ಈ ಡೀಸೆಲ್ ಇಂಜಿನ್ ತನ್ನ ಗಾತ್ರಕ್ಕೆ ಬಹಳ ಕಡಿಮೆ ಶಕ್ತಿಯನ್ನು ಕೊಡುವಂತೆ ರೂಪುಗೊಂಡಿರುವುದರಿಂದ ಅದಕ್ಕೆ ಆಯಾಸ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಗಾಡಿಗಳು ಗುಜರಿಗೆ ಹೋಗುವುದು ಹೆಚ್ಚಾಗಿ ಇಂಜಿನ್ ಸತ್ತು ಅಲ್ಲ, ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಮತ್ತು ಬಾಡಿ ತುಕ್ಕು ತಿಂದು. ಆದ್ದರಿಂದ ನನ್ನ ಶ್ರಮದ ಬಹುಪಾಲು ಬಾನೆಟ್ಟಿನ ಕೆಳಗಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಖರ್ಚಾಗುತ್ತದೆ.

ಕ್ವಾಲಿಸ್ಸಿನ ಬಾಡಿ ಪ್ರತ್ಯೇಕ ಚಾಸಿಯ ಮೇಲೆ ಕೂತಿರುತ್ತದೆ. ಆ ಚಾಸಿಯ ಉದ್ದನೆಯ ತೊಲೆಗಳು ಒಳಗೆ ಟೊಳ್ಳು. ಮಳೆಗಾಲದಲ್ಲಿ ಚಕ್ರ ಎರಚುವ ಕೆಂಪು ಕೆಸರು ತೊಲೆಯ ಪಕ್ಕದ ತೂತುಗಳಿಂದ ಒಳಸೇರಿ, ನೀರು ಇಳಿದುಹೋಗಲೆಂದು ಕೆಳಗೆ ಬಿಟ್ಟಿರುವ ತೂತುಗಳನ್ನೇ ಮುಚ್ಚಿಬಿಟ್ಟರೆ, ಜೂನ್‌ನಲ್ಲಿ ಹೊಕ್ಕ ತೇವ ಡಿಸೆಂಬರ್ ಬಂದರೂ ಆರುವುದಿಲ್ಲ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಗಿಡ ಹೂಬಿಡಿಸುವ ಹೂಮಳೆ ಬೀಳುವ ಮುನ್ನ ಸಿಗುವ ಒಣ ದಿನಗಳನ್ನು ನಾನು ಈ ಕೆಲಸಕ್ಕೆಂದೇ ಇಟ್ಟುಕೊಂಡಿದ್ದೇನೆ. ಮೊದಲು ಸೈಕಲ್ಲಿನ ಕಡ್ಡಿಯಿಂದ ಕೆಳಗಿನ ತೂತುಗಳನ್ನು ಬಿಡಿಸಿ, ತೊಲೆಯೊಳಗೆ ಪೈಪು ತೂರಿಸಿ, ಹೊರಬರುವ ನೀರು ತಿಳಿಯಾಗುವವರೆಗೂ ತೊಳೆಯುತ್ತೇನೆ. ಬಳಿಕ ಗಾಡಿಯನ್ನು ಕಾಫಿ ಕಣದಲ್ಲಿ ಬಿಸಿಲಿಗೆ ಬಿಟ್ಟು, ಒಳಭಾಗ ಪೂರ್ತಿ ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತ ಹೋಗುತ್ತೇನೆ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ಒಳಗೆ ಹಪ್ಪಳೆ ಎದ್ದ ಜಾಗ ಮಂಕಾಗಿ ದಬ್ಬೆನ್ನುತ್ತದೆ. ಅಂಥ ಜಾಗ ಸಿಕ್ಕರೆ ಅದನ್ನು ಕತ್ತರಿಸಿ ಹೊಸ ತಗಡು ಬೆಸೆಸುವುದೇ ಸರಿ, ಮೇಲೆ ಬಣ್ಣ ಬಳಿದು ಸಮಾಧಾನ ಪಡುವುದಲ್ಲ. ಕೊನೆಗೆ ಉದ್ದನೆಯ ನಳಿಕೆಯಿಂದ ತೊಲೆಯೊಳಗೆ ತೆಳುವಾದ ಮೇಣದ ದ್ರಾವಣವನ್ನು ಸಿಂಪಡಿಸಿದರೆ, ಆ ವರ್ಷದ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯನ್ನು ಎದುರಿಸಲು ಚಾಸಿ ಸಿದ್ಧವಾದಂತೆ.

ಗಾಡಿಯ ಅಡಿಗೆ ಡಾಂಬರಿನಂಥ ದಪ್ಪ ಲೇಪನ ಹೊಡೆಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಹೊಸ ಗಾಡಿಗೆ ಅದು ಸರಿಯಿರಬಹುದು, ಆದರೆ ಹಳೆಯ ಗಾಡಿಯಲ್ಲಿ ಲೇಪನ ಬಿರುಕುಬಿಟ್ಟು ತೇವವನ್ನು ಒಳಗೇ ಹಿಡಿದಿಟ್ಟುಕೊಳ್ಳುವುದರಿಂದ, ಹೊರಗೆ ಕಪ್ಪಗೆ ಅಚ್ಚುಕಟ್ಟಾಗಿ ಕಾಣುವಾಗಲೇ ಅದರಡಿ ತಗಡು ಕರಗುತ್ತಿರುತ್ತದೆ. ಬಳಸಿದ ಇಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಅದು ರಬ್ಬರ್ ಬುಶ್ಶುಗಳನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಉಳಿದದ್ದು ತೊಟ್ಟಿಕ್ಕಿ ಮಳೆನೀರಿನೊಂದಿಗೆ ತೋಡಿಗೆ ಸೇರುತ್ತದೆ.

ನೀರು ಮೇಲಿನಿಂದಲೂ ಬರುತ್ತದೆ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರದ ಎಲೆ ಒಣಗಿದ ಮೇಲೆ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ನೆನೆದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ವೈಪರಿನ ಕೆಳಗಿನ ಜಾಲರಿಯೊಳಗೆ ಈ ಮುದ್ದೆ ಕೂತರೆ ನೀರು ಹರಿದುಹೋಗಲು ದಾರಿಯಿಲ್ಲದೆ ಕಾಲಡಿಯ ಮ್ಯಾಟಿನ ಕೆಳಕ್ಕೆ ಇಳಿಯುತ್ತದೆ. ಮ್ಯಾಟು ಮೇಲೆ ಒಣಗಿರುವುದರಿಂದ ನೆಲದ ತಗಡು ತೂತಾಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಮರದಡಿ ಗಾಡಿ ನಿಲ್ಲಿಸದಿರುವುದು ಉತ್ತಮ, ಆದರೆ ಕೊಡಗಿನಲ್ಲಿ ಮರವಿಲ್ಲದ ಜಾಗ ಹುಡುಕುವುದಕ್ಕಿಂತ ಜಾಲರಿಯನ್ನು ಆಗಾಗ ಬಿಡಿಸುವುದೇ ಸುಲಭ.

ಇಂಜಿನ್ ವಿಷಯದಲ್ಲಿ ಹೇಳುವುದು ಕಡಿಮೆ. 15ಡಬ್ಲ್ಯೂ-40 ಆಯಿಲ್ ಮತ್ತು ಫಿಲ್ಟರನ್ನು 5,000 ಕಿಲೋಮೀಟರಿಗೆ ತಪ್ಪದೆ ಬದಲಿಸುತ್ತೇನೆ. ಪಿಸ್ಟನ್ನಿಗೂ ವಾಲ್ವುಗಳಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟನ್ನು ಒಂದು ಲಕ್ಷ ಕಿಲೋಮೀಟರ್ ಆಗುವ ಮೊದಲೇ, ಚೆನ್ನಾಗಿಯೇ ಕಂಡರೂ, ಅದರ ಬೇರಿಂಗಿನೊಂದಿಗೆ ತೆಗೆಸುತ್ತೇನೆ; ಡೀಸೆಲ್ ಇಂಜಿನ್ನಿನಲ್ಲಿ ಬೆಲ್ಟು ಹರಿದರೆ ಪಿಸ್ಟನ್ ವಾಲ್ವುಗಳಿಗೆ ಬಡಿಯುತ್ತದೆ. ರೇಡಿಯೇಟರಿಗೆ ತೋಡಿನ ನೀರು ತುಂಬಿಸದೆ ಕೂಲೆಂಟನ್ನೇ ಹಾಕಬೇಕು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್. ಇಂಜಿನ್ ಕಾಯಬಾರದೆಂದು ಅದನ್ನು ಕಿತ್ತೆಸೆಯುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿದೆ. ನಮ್ಮ ಚಳಿಯಲ್ಲಿ ಅದಿಲ್ಲದ ಇಂಜಿನ್ ಸರಿಯಾಗಿ ಬಿಸಿಯೇ ಆಗದೆ, ಪೂರ್ತಿ ಉರಿಯದ ಡೀಸೆಲ್ ಆಯಿಲಿಗೆ ಸೇರಿ, ಸಿಲಿಂಡರ್ ಬೇಗ ಸವೆಯುತ್ತದೆ.

ಡೀಸೆಲ್ಲಿನಲ್ಲಿ ಸೇರುವ ನೀರಿನ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಹನಿಗಟ್ಟುವ ನೀರು, ಡೀಸೆಲ್ಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಫಿಲ್ಟರಿನ ಬಟ್ಟಲಲ್ಲಿ ಕೂರುತ್ತದೆ. ಫಿಲ್ಟರಿನ ಕೆಳಗಿನ ತಿರುಪನ್ನು ಸ್ವಲ್ಪ ಸಡಿಲಿಸಿ, ಮೇಲಿನ ಕೈಪಂಪನ್ನು ಒತ್ತುತ್ತ, ಬಂದದ್ದನ್ನು ಗಾಜಿನ ಸೀಸೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರೆ, ಹಳದಿ ಡೀಸೆಲ್ಲಿನ ತಳದಲ್ಲಿ ಗುಂಡಗಿನ ಬಣ್ಣವಿಲ್ಲದ ಮಣಿಗಳು ಉರುಳಾಡುವುದು ಸ್ಪಷ್ಟವಾಗಿ ಕಾಣುತ್ತದೆ. ಆ ಮಣಿಗಳು ಬರುವುದು ನಿಂತ ಮೇಲೆ ತಿರುಪನ್ನು ಬಿಗಿಸಬೇಕು. ಇಂಜೆಕ್ಷನ್ ಪಂಪಿಗೆ ಡೀಸೆಲ್ಲೇ ಜಿಡ್ಡು; ನೀರು ಅಲ್ಲಿಗೆ ತಲುಪಿದರೆ ರಿಪೇರಿಯ ಬಿಲ್ಲು ಸಣ್ಣದಾಗಿರುವುದಿಲ್ಲ.

ಬ್ರೇಕ್ ಆಯಿಲಿಗೂ ಇದೇ ನೀರಿನ ಕಾಟ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯದಿರಬೇಕಾದ ಡಾಟ್ 3 ದರ್ಜೆಯ ಆಯಿಲ್, ತೇವ ಹೀರಿದ ಮೇಲೆ 140 ಡಿಗ್ರಿಯ ಆಸುಪಾಸಿಗೇ ಕುದಿಯಬಲ್ಲದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೋ ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವಾಗಲೋ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಇಳಿಜಾರಿನಲ್ಲಿ ಹತ್ತುವಾಗಿನ ಗೇರಿನಲ್ಲೇ ಇಳಿದರೆ ಡ್ರಮ್ಮು, ಪ್ಯಾಡು ಎರಡೂ ಬಾಳುತ್ತವೆ. ಅಂದಹಾಗೆ, ತಂಪಿನ ಊರಿನಲ್ಲಿ ಎ.ಸಿ. ಯಾಕೆಂದು ನಗುವವರಿದ್ದಾರೆ. ಮಳೆಯಲ್ಲಿ ಒಳಗಾಜಿನ ಮಬ್ಬನ್ನು ಅಷ್ಟು ಬೇಗ ತೆಗೆಯುವ ಸಾಧನ ಬೇರೊಂದಿಲ್ಲವಾದ್ದರಿಂದ ಅದನ್ನು ನಾನು ಸುಸ್ಥಿತಿಯಲ್ಲೇ ಇಟ್ಟಿದ್ದೇನೆ.

ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು; ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಏರಿದೆ. ಅಷ್ಟು ಕೊಟ್ಟರೂ ಹೊಸ ಗಾಡಿಯ ಕಂತಿಗಿಂತ ಇದು ಅಗ್ಗ. ಬಿಡಿಭಾಗಗಳಲ್ಲಿ ಇಂಜಿನ್ನಿಗೆ ಸೇರಿದವು ಮೈಸೂರಿನಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಇನ್ನೂ ದೊರೆಯುತ್ತವೆ. ಸಿಗದೆ ಸತಾಯಿಸುವುದು ಬಾಗಿಲಿನ ಅಂಚಿನ ರಬ್ಬರ್, ಗಾಜು ಇಳಿಸುವ ಹಲ್ಲಿನ ಚಕ್ರ, ಡ್ಯಾಶ್‌ಬೋರ್ಡಿನ ಗುಂಡಿಗಳಂಥ ಸಣ್ಣ ವಸ್ತುಗಳು. ಇವುಗಳಿಗಾಗಿ ಗುಜರಿಗೆ ಬಂದ ಕ್ವಾಲಿಸ್‌ಗಳ ಸುದ್ದಿ ತಿಳಿಸುವಂತೆ ಹುಣಸೂರಿನ ಕಡೆಯ ಒಂದಿಬ್ಬರು ವ್ಯಾಪಾರಿಗಳಿಗೆ ಹೇಳಿಟ್ಟಿದ್ದೇನೆ. ಬಯಲುಸೀಮೆಯ ಗಾಡಿಗಳ ಬಾಗಿಲು ಮತ್ತು ತಗಡು ನಮ್ಮವಕ್ಕಿಂತ ಎಷ್ಟೋ ಚೆನ್ನಾಗಿರುತ್ತವೆ.